ಮಂಜಕ್ಕನ ಚಿಕ್ಕ ಫೋನು

ಸೀರೆಗೆ ಕುಚ್ಚು ಕಟ್ಟುವವಳ ಸುತ್ತ ಏನೇನಿರುತ್ತದೆಂದು ನೀವು ಎಂದಾದರೂ ಗಮನಿಸಿದ್ದೀರಾ? ಕಿಟಕಿಯ ಸರಳಿಗೆ ಪಿನ್ನು ಹಾಕಿ ಬಿಗಿದ ಸೆರಗು, ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ರೇಷ್ಮೆ ದಾರದ ಉಂಡೆಗಳು, ಅದರ ಮುಚ್ಚಳದಲ್ಲಿ ಮಣಿ, ಕುಡಿಯಲು ಮರೆತು ಕೆನೆಗಟ್ಟಿದ ಅರ್ಧ ಲೋಟ ಕಾಫಿ. ನನ್ನ ಪಕ್ಕದಲ್ಲಿ ಇವುಗಳ ಜೊತೆಗೆ ಎರಡು ಫೋನುಗಳೂ ಇರುತ್ತಿದ್ದವು. ಒಂದು ಅಂಗೈಯಲ್ಲಿ ಅಡಗುವಂಥದ್ದು, ಮೂಲೆಯ ಬಣ್ಣ ಸವೆದದ್ದು, ಕೆಲಸದ್ದು. ಇನ್ನೊಂದು ಮಗಳು ಮೇಘಾ ಹಟ ಹಿಡಿದು ಕೊಡಿಸಿದ್ದು, ಅಗಲವಾದದ್ದು, ಹಿಡಿಯಲು ಎರಡು ಕೈ ಬೇಡುವಂಥದ್ದು, ನನ್ನ ಸ್ವಂತದ್ದು.

"ಅಮ್ಮಾ, ದೊಡ್ಡದ್ರಲ್ಲೇ ಎರಡು ಸಿಮ್ ಹಾಕ್ಬಹುದು. ಆ ಪುಟ್ಟ ಡಬ್ಬಾನ ಯಾಕಿನ್ನೂ ಇಟ್ಕೊಂಡಿದ್ದೀಯ?" ಎಂದು ಮೇಘಾ ವಾರಕ್ಕೊಮ್ಮೆಯಾದರೂ ಕೇಳುತ್ತಿದ್ದಳು.

ನನ್ನ ಬಳಿ ಉತ್ತರಗಳು ಸಿದ್ಧವಾಗಿದ್ದವು. ಚಿಕ್ಕದು ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಹಗುರ. ಎಡಗೈಯಲ್ಲಿ ದಾರ ಬಿಗಿಹಿಡಿದಿದ್ದರೂ ಬಲಗೈ ಹೆಬ್ಬೆರಳೊಂದರಿಂದಲೇ ಅದರಲ್ಲಿ ಉತ್ತರ ಬರೆಯಬಹುದು. ದೊಡ್ಡದರ ಕ್ಯಾಮೆರಾ ಕುಂಕುಮ ಬಣ್ಣವನ್ನು ದಾಳಿಂಬೆ ಮಾಡಿ ತೋರಿಸುತ್ತದೆ, ಬಣ್ಣ ತಪ್ಪಿದರೆ ಗಿರಾಕಿ ಮುನಿಯುತ್ತಾಳೆ. ಎಲ್ಲವೂ ನಿಜವೇ. ಆದರೆ ಹೇಳಬೇಕಾದ ನಿಜ ಅದಾಗಿರಲಿಲ್ಲ. ನಾನು ಓದಿದ ಕಾನ್ವೆಂಟಿನಲ್ಲಿ ಒಬ್ಬ ಸಿಸ್ಟರ್ ಇದ್ದರು. ಹೇಳಿದ ಸುಳ್ಳಿಗಿಂತ ಹೇಳದೆ ನುಂಗಿದ ನಿಜ ಹೊಟ್ಟೆಯಲ್ಲಿ ಹೆಚ್ಚು ದಿನ ಉಳಿಯುತ್ತದೆ ಎನ್ನುತ್ತಿದ್ದರು. ಆಗ ನಕ್ಕಿದ್ದೆ.

ಚಿಕ್ಕ ಫೋನು ನನ್ನ ಓರಗಿತ್ತಿ ಮಂಜುಳೆಯದು. ನಾನು ಮಂಜಕ್ಕ ಎನ್ನುತ್ತಿದ್ದೆ. ಹೆಬ್ಬಾಳದ ಈ ಮನೆಯ ಕೆಳಗೆ ಅವಳೂ ಭಾವನೂ, ಮೇಲೆ ನಾವು. ಆರ್‌.ಟಿ. ನಗರದ ಕಾನ್ವೆಂಟಿನಿಂದ ಬಂದ ನನಗೆ ಸೊಪ್ಪು ಬಿಡಿಸುವುದರಿಂದ ಹಿಡಿದು ಕುಚ್ಚಿನ ಗಂಟಿನವರೆಗೆ ಎಲ್ಲವನ್ನೂ ಕಲಿಸಿದವಳು ಜಕ್ಕೂರಿನ ಹಳೇ ಊರಿನಲ್ಲಿ ಹುಟ್ಟಿ ಬೆಳೆದ ಅವಳೇ. "ಇಂಗ್ಲೀಸ್ನೋಳೇ, ಗಂಟು ಇಂಗಲ್ಲ, ಇಂಗೆ," ಎಂದು ಬೆರಳಿಗೆ ಬೆರಳು ಹಚ್ಚಿ ತೋರಿಸುವಳು. ಹಳೇ ನೋಟು ರದ್ದಾದ ವರ್ಷ, ಆಷಾಢದ ಕೊನೆಯಲ್ಲಿ, ಐದೇ ದಿನದ ಜ್ವರಕ್ಕೆ ಹೋಗಿಬಿಟ್ಟಳು. ಅವಳ ಬೀರುವಿನಲ್ಲಿ ಬೇರೆಯವರ ಏಳು ಸೀರೆಗಳು ಅರ್ಧ ಕುಚ್ಚು ಕಟ್ಟಿಸಿಕೊಂಡು ಉಳಿದವು.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮಧ್ಯಾಹ್ನ ಆ ಫೋನು ಟಿಂಗ್ ಎಂದಿತು. ಭಾವ ಅದನ್ನು ನನ್ನ ಕೈಗಿತ್ತು, "ನೀನೇ ನೋಡ್ಕೊಳಮ್ಮ, ನನ್ ಕೈಲಾಗಲ್ಲ," ಎಂದರು. "ಅಕ್ಕಾ, ನನ್ ಸೀರೆ ಆಯ್ತಾ? ನಾಡಿದ್ದು ಮದ್ವೆ," ಎಂದಿತ್ತು ಮೆಸೇಜು. ಸತ್ತ ಸುದ್ದಿಯನ್ನು ಮದುವೆಮನೆಯವರಿಗೆ ಬರೆಯುವುದು ಹೇಗೆ? "ನಾಳೆ ಕೊಡ್ತೀನಿ" ಎಂದು ಬರೆದೆ. ತಪ್ಪು ಅಷ್ಟೇ, ಎರಡು ಪದದ್ದು. ಮರುದಿನ ಇನ್ನೊಬ್ಬಳು ಕೇಳಿದಳು, ಅವಳಿಗೂ ಹಾಗೆಯೇ. ಸೀರೆಗಳ ಕೊಡು–ತೆಗೆ ನಡೆಯುತ್ತಿದ್ದುದು ಮೇನ್ ರೋಡಿನ ಟೈಲರ್ ಅಂಗಡಿಯಲ್ಲಿ. ಬಹುಪಾಲು ಗಿರಾಕಿಗಳು ಮಂಜಕ್ಕನನ್ನು ಕಂಡದ್ದು ಫೋನಿನ ಮೂಲೆಯ ಗುಂಡಗಿನ ಫೋಟೋದಲ್ಲಿ ಮಾತ್ರ. ಆ ಫೋಟೋ ನಗುತ್ತಲೇ ಇತ್ತು. ಅದರ ಹಿಂದೆ ಕೂತು ನಾನು ಉತ್ತರಿಸುತ್ತಲೇ ಇದ್ದೆ. ಮೊದಲ ದಿನ ಹೇಳಲಾರದ್ದನ್ನು ನೂರನೆಯ ದಿನ ಹೇಳುವುದು ಹೇಗೆಂದು ನೀವಾದರೂ ಹೇಳಿ.

ಬದುಕಿರುವವರಿಗೆ ನೆರಳಿದೆ, ಹೋದವರಿಗೆ ನೆನಪಿದೆ. ಇವೆರಡರ ನಡುವೆ ನಾನೊಂದು ಮೂರನೆಯದನ್ನು ಸಾಕುತ್ತಿದ್ದೆ. ಅದು ಊಟ ಮಾಡುತ್ತಿರಲಿಲ್ಲ, ಆದರೆ ದಿನಕ್ಕೆ ನಾಲ್ಕು ಬಾರಿ "ಆಯ್ತು" ಅನ್ನುತ್ತಿತ್ತು. ಒಮ್ಮೆ ಸಂಜಯನಗರದ ಗಿರಾಕಿಯೊಬ್ಬಳು ಬರೆದಳು: "ಅಕ್ಕಾ, ನಿನ್ನೆ ತರಕಾರಿ ಅಂಗಡಿ ಹತ್ರ ನಿಮ್ಮನ್ನ ನೋಡಿ ಕೂಗ್ದೆ. ತಿರುಗಿನೂ ನೋಡ್ಲಿಲ್ಲ, ಕೋಪಾನಾ?" ಹಿಂದಿನ ದಿನ ನಾನು ಮನೆಯ ಹೊಸಿಲು ದಾಟಿರಲಿಲ್ಲ. ಆದರೂ ನನ್ನ ಕಾನ್ವೆಂಟಿನ ಸಭ್ಯತೆ ನೋಡಿ, ಬರೆದದ್ದೇನು ಗೊತ್ತೆ? "ಸಾರಿ, ಕೇಳಿಸ್ಲಿಲ್ಲ."

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುತ್ತಿದ್ದದ್ದು ಮಧ್ಯಾಹ್ನ ಮೂರರ ಹೊತ್ತು. ಮಂಜಕ್ಕನ ತಾಯಿಯನ್ನು ನಾವೆಲ್ಲ ಜಕ್ಕೂರಮ್ಮ ಎನ್ನುತ್ತೇವೆ. ಓದು ಬಾರದ ಆಕೆಗೆ ಮಗಳೇ ಫೋನಿನ ಮೈಕಿನ ಚಿತ್ರ ಒತ್ತಿ ಮಾತು ಕಳಿಸುವುದನ್ನು ಕಲಿಸಿದ್ದಳು. ಕಳಿಸಿದ್ದನ್ನು ಆಚೆಯವರು ನೋಡಿದರೆ ಬೂದು ಗೆರೆಗಳೆರಡು ನೀಲಿಯಾಗುತ್ತವೆಂದೂ ಹೇಳಿಕೊಟ್ಟಿದ್ದಳು. ಮಗಳು ಹೋದ ಮೇಲೂ ಆಕೆ ಕಳಿಸುವುದನ್ನು ನಿಲ್ಲಿಸಲಿಲ್ಲ. "ಮಂಜೀ, ಉಂಡ್ಯೇನವ್ವ? ಕೆರೆ ತಾವ ಆವು ಬಂದಿತ್ತು ಕಣೆ." ಅಷ್ಟೇ, ದಿನವೂ ಅಂಥದ್ದೇ ಒಂದು ಮಾತು. ಮಾತಿನ ಹಿಂದೆ ಜಕ್ಕೂರಿನ ವಿಮಾನದ ಬಯಲಿನಿಂದ ಏರುವ ಪುಟ್ಟ ವಿಮಾನದ ಗುರ್ ಸದ್ದು. ನಾನು ಕೇಳಿ ಮುಗಿಸುವಷ್ಟರಲ್ಲಿ ಅದೇ ವಿಮಾನ ನಮ್ಮ ಮನೆಯ ಮೇಲೆ ಹಾಯುತ್ತಿತ್ತು, ಧ್ವನಿ ಮೊದಲು ಬಂದು ಅದರ ಒಡಲು ಆಮೇಲೆ ಹುಡುಕಿಕೊಂಡು ಬಂದಂತೆ.

ಕೇಳದೆ ಬಿಟ್ಟರೆ ಆ ಮುದುಕಿಯ ಮಾತು ಅನಾಥವಾಗಿ ಬಿದ್ದಿರುತ್ತದಲ್ಲ ಎಂದು ನಾನು ತೆರೆದು ಕೇಳುತ್ತಿದ್ದೆ. ಕೇಳಿದೊಡನೆ ಜಕ್ಕೂರಿನಲ್ಲಿ ಗೆರೆಗಳು ನೀಲಿಯಾಗುತ್ತವೆ ಎಂಬುದನ್ನು, ನಂಬಿ, ನಾನು ಯೋಚಿಸಿಯೇ ಇರಲಿಲ್ಲ.

ವರ್ಷ ತುಂಬಿತು. ಹಿರಿಯರ ಹಬ್ಬ ಬಂತು. ಮಹಾಲಯ ಅಮಾವಾಸ್ಯೆಗೆ ಹೋದವರಿಗೆಲ್ಲ ಎಡೆ ಇಡುವಾಗ ಈ ಸಲ ಮಂಜಕ್ಕನನ್ನೂ ಹಿರಿಯರ ಸಾಲಿಗೆ ಸೇರಿಸಬೇಕು. ಮುತ್ತೈದೆಯಾಗಿ ಹೋದವಳ ಮೊದಲ ಎಡೆಗೆ ತವರಿನಿಂದಲೇ ಹೊಸ ಸೀರೆ ಬರಬೇಕೆಂಬುದು ನಮ್ಮ ಮನೆಯ ಪದ್ಧತಿ. ಅದಿಲ್ಲದೆ ಅವಳು ಸಾಲಿಗೆ ಸೇರಳು, ಇತ್ತ ಮನೆಗೂ ಸಲ್ಲಳು. ಜಕ್ಕೂರಮ್ಮ ಸೀರೆ ಕೊಡುವುದಿಲ್ಲ ಎಂದುಬಿಟ್ಟರು. ಭಾವ ಎರಡು ಸಲ ಹೋಗಿ ಬರಿಗೈಯಲ್ಲಿ ಬಂದರು. "ಬುದ್ಧಿ ನೆಟ್ಟಗಿಲ್ಲಮ್ಮ ಅವ್ರಿಗೆ. ಮಗಳು ಬತ್ತೀನಿ ಅಂದವ್ಳೆ ಅಂತಾರೆ," ಎಂದು ತಲೆ ತಗ್ಗಿಸಿ ಕೂತರು.

ಮರುದಿನ ನಾನೇ ಹೋದೆ. ಹೊಸ ಅಪಾರ್ಟ್‌ಮೆಂಟುಗಳ ಬೆನ್ನ ಹಿಂದೆ ಹಳೇ ಜಕ್ಕೂರು ಇನ್ನೂ ತಗ್ಗು ಬಾಗಿಲುಗಳನ್ನು ಇಟ್ಟುಕೊಂಡು ಕೂತಿದೆ. ಜಕ್ಕೂರಮ್ಮ ಜಗುಲಿಯಲ್ಲಿ ಅಲಸಂದೆಕಾಳು ಬಿಡಿಸುತ್ತಿದ್ದರು.

"ಬಾರವ್ವ. ನೀನೂ ಸೀರೆ ಕೇಳಕ್ಕೇ ಬಂದ್ಯಾ?"

"ಅಮ್ಮ, ಅವಳಿಗೆ ಎಡೆ ಇಡ್ಬೇಕಲ್ವಾ?"

"ಬತ್ತೀನಿ ಅಂದೋಳಿಗೆ ಯಾರಾನ ಎಡೆ ಮಡಗ್ತಾರಾ?" ಎಂದು ಸೆರಗಿನ ಗಂಟಿನಿಂದ ಫೋನು ತೆಗೆದು ನನ್ನ ಮುಂದೆ ಹಿಡಿದರು. "ನೋಡು. ನಂಗೆ ಓದಕ್ ಬರಲ್ಲ ಅಂತ ಪಕ್ಕದ್ಮನೆ ಟೀಚರಮ್ಮನ ಕೈಲಿ ಓದಿಸ್ದೆ."

ತೆರೆಯ ಮೇಲೆ ಆಕೆಯ ಮಾತುಗಳ ಉದ್ದನೆಯ ಸಾಲು, ಒಂದೊಂದರ ಕೆಳಗೂ ನೀಲಿ ಗೆರೆ. ಅವುಗಳ ನಡುವೆ, ಎರಡು ತಿಂಗಳ ಹಿಂದಿನ ಒಂದು ಮಧ್ಯಾಹ್ನ, ಆಚೆಯಿಂದ ಬಂದ ಒಂದೇ ಒಂದು ಉತ್ತರ: "ಬತ್ತೀನಿ ಅವ್ವ."

ಆ ಮಾತು ನನ್ನದಲ್ಲ, ನನ್ನ ಬಾಯಿಂದ ಬರುವಂಥದ್ದೂ ಅಲ್ಲ. ಆದರೆ ಆ ಫೋನಿನಲ್ಲಿ ಬರೆಯಲು ಹೋದರೆ ಅಕ್ಷರಗಳ ಮೇಲ್ಗಡೆ ಅದು ತಾನೇ ಮೂರು ಪದ ಮುಂದಿಡುತ್ತಿದ್ದುದು ನೆನಪಾಯಿತು. ಮಂಜಕ್ಕ ಅಷ್ಟು ವರ್ಷ ಬರೆದೂ ಬರೆದೂ ಅದಕ್ಕೆ ರೂಢಿಯಾದ ಪದಗಳು: ಬತ್ತೀನಿ, ಅವ್ವ, ಆಯ್ತು. ಎಡಗೈಯಲ್ಲಿ ದಾರ ಹಿಡಿದ ಯಾವುದೋ ಗಳಿಗೆಯಲ್ಲಿ ನನ್ನ ಹೆಬ್ಬೆರಳು ತಾಗಿರಬೇಕು. ತಾಗಿತ್ತೇ? ಆಣೆ ಮಾಡಿ ಹೇಳಲಾರೆ. ದಿನವೂ ಕೊನೆಯ ಮಾತನ್ನಷ್ಟೇ ಕೇಳಿ ಮುಚ್ಚುತ್ತಿದ್ದ ನಾನು ಅದನ್ನು ಗಮನಿಸಿಯೂ ಇರಲಿಲ್ಲ. ಕಳಿಸಿದ ನೆನಪು ನನಗೆ ಇಂದಿಗೂ ಇಲ್ಲ.

"ಅಮ್ಮ," ಎಂದೆ, "ಆ ಫೋನು ನನ್ ಹತ್ರ ಇದೆ. ಗೆರೆ ನೀಲಿ ಮಾಡ್ತಿದ್ದದ್ದು ನಾನು. ದಿನಾ ನೀವು ಹೇಳಿದ್ದು ಕೇಳಿಸ್ಕೊಳ್ತಿದ್ದದ್ದು ನಾನು. ಇದೂ ನನ್ ಕೈ ತಾಗಿನೇ ಹೋಗಿರ್ಬೇಕು. ತಪ್ಪಾಯ್ತು."

ಆಕೆ ಬಯ್ಯಲಿಲ್ಲ. ಒಂದು ಅಲಸಂದೆಕಾಯಿ ಬಿಡಿಸಿದರು, ಇನ್ನೊಂದು ಬಿಡಿಸಿದರು. ಕೊನೆಗೆ, "ಎಲ್ಲಾನೂ ಕೇಳಿಸ್ಕೊಂಡ್ಯಾ? ಆವಿಂದೂವೆ?" ಎಂದರು.

"ಎಲ್ಲಾ ಕೇಳ್ದೆ ಅಮ್ಮ, ಹಾವಿಂದೂ."

"ಮತ್ತೆ ಬತ್ತೀನಿ ಅಂದಿದ್ದು? ಅದೂ ನೀನೇಯಾ?"

"ನಾನೇ ಇರ್ಬೇಕು."

"ಇರ್ಬೇಕು ಅಂತೀಯ. ಔದು ಅನ್ನಲ್ಲ."

ನನಗೆ ಹೌದು ಎನ್ನಲಾಗಲಿಲ್ಲ. ಒಂದು ವರ್ಷ ಸುಳ್ಳಿನಲ್ಲಿ ಈಜಿದವಳಿಗೆ, ಬೇಕಾಗಿದ್ದ ಆ ಒಂದು ಚಿಕ್ಕ ಸುಳ್ಳು ನಾಲಿಗೆಗೆ ಬರಲಿಲ್ಲ. ಎದ್ದು ಬಂದೆ.

ಅಮಾವಾಸ್ಯೆಯ ದಿನ ಹನ್ನೊಂದು ಗಂಟೆಗೆ ಜಕ್ಕೂರಮ್ಮ ಬಂದರು. ಕಂಕುಳಲ್ಲಿ ಪೇಪರಿನಲ್ಲಿ ಸುತ್ತಿದ ಸೀರೆ. ಗಿಳಿ ಹಸಿರು, ಅರಿಸಿನದ ಅಂಚು. ಬಾಳೆ ಎಲೆಯ ಮುಂದೆ ಮಂಜಕ್ಕನ ಪಟ, ಪಟದ ಮುಂದೆ ಸೀರೆ ಇಟ್ಟು ನನ್ನತ್ತ ಕೈ ಚಾಚಿದರು. "ಅವ್ಳ ಪೋನು ಕೊಡು." ಕೊಟ್ಟೆ. ಎಲೆಯ ಎಡಗಡೆ ಅದನ್ನೂ ಇಟ್ಟರು. ನೀರು ಬಿಟ್ಟು, ದೀಪ ಸರಿಮಾಡಿ, ಎಲ್ಲರೂ ಹೊರಗೆ ಬಂದು ಕೋಣೆಯ ಬಾಗಿಲು ಮುಚ್ಚಿದೆವು. ಹಿರಿಯರು ಉಣ್ಣುವಾಗ ಇರುವವರು ನೋಡಬಾರದು. ಒಂದಿಷ್ಟು ಹೊತ್ತು ಹೊರಗೆ ನಿಂತು, ಆಮೇಲೆ ಕೆಮ್ಮಿ ಸದ್ದು ಮಾಡಿ ಒಳಗೆ ಹೋಗಬೇಕು.

ನಿಂತೆವು. ಹತ್ತು ನಿಮಿಷವಾಗಿರಬಹುದು. ಒಳಗಿನಿಂದ ವಡೆಯ ಘಮ, ಊದುಬತ್ತಿ, ಮತ್ತೆ ಮುಚ್ಚಿದ ಕೋಣೆಗೆ ಮಾತ್ರ ಇರುವ ಆ ಕಿವಿಗಡಚಿಕ್ಕುವ ಮೌನ. ಭಾವ ಗೋಡೆಗೆ ಹಣೆ ಒತ್ತಿ ನಿಂತಿದ್ದರು. ಜಕ್ಕೂರಮ್ಮ ತಮ್ಮ ಫೋನು ತೆಗೆದು ತುಟಿಯ ಹತ್ತಿರ ಹಿಡಿದು ಪಿಸುಗುಟ್ಟಿದರು: "ನಿದಾನ್ವಾಗಿ ಉಣ್ಣವ್ವ. ಯಾರೂ ನೋಡಲ್ಲ."

ಒಳಗೆ ಟಿಂಗ್ ಎಂದಿತು.

ಜಕ್ಕೂರಮ್ಮ, ನಾನು ಇಬ್ಬರೂ ಆಕೆಯ ಅಂಗೈಯಲ್ಲಿದ್ದ ಫೋನನ್ನೇ ನೋಡುತ್ತಿದ್ದೆವು. ಬೂದು ಗೆರೆ ಎರಡಾದವು. ಆಮೇಲೆ, ನೀರಿಗೆ ಶಾಯಿ ಬಿದ್ದಂತೆ, ನೀಲಿಯಾದವು.

ಮೇಘಾಳನ್ನು ಕೇಳಿದರೆ ಕಾರಣ ಹೇಳುತ್ತಾಳೆ. ತೆರೆದಿಟ್ಟು ಬಂದಿರ್ತೀಯಮ್ಮ, ಅಷ್ಟೇ ಅನ್ನುತ್ತಾಳೆ. ಆದರೆ ಆ ಫೋನಿನ ಬೆಳಕು ಅರ್ಧ ನಿಮಿಷಕ್ಕೆ ಆರುವಂಥದ್ದು, ನಾವು ಹೊರಗೆ ನಿಂತದ್ದು ಹತ್ತು ನಿಮಿಷ. ನಾನು ಲೆಕ್ಕ ಹಾಕುವುದನ್ನು ಅಲ್ಲಿಗೇ ನಿಲ್ಲಿಸಿದ್ದೇನೆ.

ಜಕ್ಕೂರಮ್ಮ ಗಂಟಲು ಸರಿಮಾಡಿಕೊಂಡು ಕೆಮ್ಮಿದರು, ಮೂರು ಸಲ, ಪದ್ಧತಿಯಂತೆ. ಬಾಗಿಲು ತೆಗೆದರು. ಎಲೆ ಇಟ್ಟಂತೆಯೇ ಇತ್ತು, ದೀಪ ಅಲುಗದೆ ಉರಿಯುತ್ತಿತ್ತು, ಫೋನು ಕಪ್ಪಾಗಿ ಮಲಗಿತ್ತು.

"ಉಂಡ್ಲು ಕಣವ್ವ," ಎಂದರು ಆಕೆ, ನನಗಲ್ಲ, ಭಾವನಿಗೂ ಅಲ್ಲ. "ಉಂಡ್ಮೇಲೆ ಇರಾಕಿಲ್ಲ. ಒಂಟೋದ್ಲು." ವರ್ಷದಿಂದ ಬಿಗಿಹಿಡಿದಿದ್ದ ಅಳು ಆಗ ಬಂತು ಆಕೆಗೆ, ಎಲೆಯ ಮುಂದೆ ಕುಕ್ಕರಿಸಿ, ಎಳೆಮಗುವಿನ ತಾಯಿಯಂತೆ ತೂಗಿ ತೂಗಿ ಅತ್ತರು.

ಅತ್ತು ಮುಗಿದ ಮೇಲೆ ಕಣ್ಣೊರೆಸಿಕೊಂಡು ಚಿಕ್ಕ ಫೋನನ್ನು ಎತ್ತಿ ನನ್ನ ಕೈಯಲ್ಲಿಟ್ಟರು. "ಇನ್ಮ್ಯಾಕೆ ನಿನ್ ದೊಡ್ ಪೋನ್ನಾಗೇ ಕೆಲ್ಸ ಮಾಡ್ಕೊ. ನಿನ್ ಎಸ್ರಾಗೆ. ಕೇಳ್ದೋರ್ಗೆಲ್ಲ ನಮ್ ಮಂಜಿ ತೀರೋದ್ಲು ಅಂತ ಯೋಳು, ಎದ್ರುಕೋಬ್ಯಾಡ." ಆಮೇಲೆ, ದೀಪದ ವಿಷಯದಲ್ಲಿ ನಮ್ಮವರು ಆರಿಸು ಎಂಬ ಮಾತು ಆಡದೆ ಹೇಳುವಂತೆಯೇ ಹೇಳಿದರು: "ಇದ್ನ ಶಾಂತ ಮಾಡವ್ವ."

ಪಕ್ಕದ ಗುಂಡಿಯನ್ನು ಒತ್ತಿ ಹಿಡಿದೆ. ಪೂರ್ತಿ ಕಪ್ಪಾಗುವ ಮೊದಲು ಅದು ನನ್ನ ಅಂಗೈಯಲ್ಲಿ ಒಮ್ಮೆ ನಡುಗಿತು. ಆರುವಾಗ ಎಲ್ಲ ಫೋನುಗಳೂ ನಡುಗುತ್ತವೆ; ನನಗೆ ಗೊತ್ತು.