ನೀರು ಕುಡಿದ ಮನೆಗಳು

ನಮ್ಮಣ್ಣ ಬೀರಪ್ಪ ತನ್ನ ಮದುವೆಯ ದಿನವೂ ಹೆಜ್ಜೆ ಎಣಿಸಿಕೊಂಡೇ ಹಂದರಕ್ಕೆ ಬಂದ. ಮಾತಾಡಿಸಿದವರಿಗೆಲ್ಲ ಕೈ ಎತ್ತಿ, "ತಡೀರಿ, ಎಣಿಕಿ ತಪ್ಪತೈತಿ" ಅಂದ. ಅವನ ಮಾವ ನಕ್ಕು, "ಅಳಿಯಂದ್ರ, ನಿಮಗ ಹುಡುಗಿ ಬೇಕೋ, ಹಾದಿ ಲೆಕ್ಕ ಬೇಕೋ?" ಎಂದು ಕೇಳಿದ.

ಐವತ್ತರ ದಶಕದಲ್ಲಿ ಅಣ್ಣನಿಗೆ ಅಕ್ಕಲಕೋಟದ ಸುತ್ತಿನ, ಬೋರಿ ಹೊಳೆ ಬಯಲಿನ ವಸ್ತಿಗಳ ನಕಾಶೆ ಬರೆಯುವ ಕೆಲಸ ಸಿಕ್ಕಿತು. ಹೊಲದ ನಡುವೆ ನಾಲ್ಕಾರು ಮನೆ ಇದ್ದರೆ ಅದೇ ವಸ್ತಿ. ನಾಲ್ಕನೆಯ ಇಯತ್ತೆಗೇ ಸಾಲಿ ಬಿಟ್ಟ ನಾನು ಅಳತೆ ಸರಪಳಿಯ ಇನ್ನೊಂದು ತುದಿ ಹಿಡಿಯುತ್ತಿದ್ದೆ. ಪ್ರತಿ ಮನೆಯಲ್ಲೂ ನೀರು ಕೇಳಿ ಕುಡಿದ ಮೇಲೆಯೇ ಅಣ್ಣ ಕಾಗದದ ಮೇಲೆ ಚುಕ್ಕೆ ಇಡುತ್ತಿದ್ದ. "ನೀರ ಕುಡೀಲಾರದ ಮನಿ ಬರದರ ಸುಳ್ಳ ಬರದಂಗ" ಎನ್ನುತ್ತಿದ್ದ.

ಹಳ್ಳದಾಚೆಯ ಕುರುಬರ ವಸ್ತಿಯೊಂದು ಉಳಿದಿದ್ದಾಗ ಅವನಿಗೆ ಜ್ವರ ಬಂತು. ನನ್ನನ್ನು ಕಳಿಸಿದ. ಬಿಸಿಲಿಗೆ ಬೇಸತ್ತು ನಾನು ಈಚೆ ದಂಡೆಯಲ್ಲೇ ನಿಂತು ನೋಡಿದೆ. ಐದೂ ಬಾಗಿಲಿಗೆ ಮುಳ್ಳಿನ ಕಂಟಿ ಅಡ್ಡ ಹಚ್ಚಿದ್ದರು. ಕುರಿ ಮೇಯಿಸಲು ಹೋಗಿದ್ದೇವೆ, ತಿರುಗಿ ಬರುತ್ತೇವೆ ಎಂದು ಅದರ ಅರ್ಥ. ಕುರುಬರ ಮನೆಯಲ್ಲೇ ಹುಟ್ಟಿದ ನನಗೆ ಅದು ತಿಳಿಯದ್ದೇನಲ್ಲ. ಆದರೂ ಬಂದು, "ಹಾಳ ಬಿದ್ದೈತಣ್ಣ, ಯಾರೂ ಇಲ್ಲ" ಅಂದೆ. ನನ್ನನ್ನು ನಂಬಿ ಅಣ್ಣ ಚುಕ್ಕೆ ಇಡಲಿಲ್ಲ.

ನಕಾಶೆ ನೋಡಿ ಬಾವಿ, ಸಾಲಿ ಮಂಜೂರಾದವು. ಆ ವಸ್ತಿ ಬಿಟ್ಟುಹೋಯಿತು. ಅಲ್ಲಿಯ ಮುದುಕಿ ಕಚೇರಿಗೇ ಬಂದಳು.

"ನಾವು ಕಾಗದದಾಗ ಇಲ್ಲಂತಲ್ಲರಿ ಸಾಹೇಬ್ರ. ಮತ್ತ ನಾ ಯಾರು, ದೆವ್ವೇನು?"

ಸಾಹೇಬರು ಅಣ್ಣನ ಕಡೆ ನೋಡಿದರು. "ತಪ್ಪು ನಂದರಿ" ಅಂದ ಅಣ್ಣ. ಪಕ್ಕದಲ್ಲೇ ಇದ್ದ ನಾನು ಬಾಯಿ ಬಿಡಲಿಲ್ಲ. ಅವನ ಕೆಲಸ ಹೋಯಿತು. ಮನೆಯ ದಾರಿಯಲ್ಲಿ ಅವನು ನನ್ನನ್ನು ಕೇಳಿದ್ದು ಇಷ್ಟೇ: "ಅವತ್ತ ಬಿಸಿಲ ಭಾಳಿತ್ತೇನಲೇ?"

ಮರುದಿನ ಒಬ್ಬನೇ ಹಳ್ಳ ದಾಟಿ, ಐದೂ ಮನೆಯಲ್ಲಿ ನೀರು ಕುಡಿದು, ಹೊಸ ನಕಾಶೆ ಬರೆದು ಮುದುಕಿಯ ಕೈಗೆ ಕೊಟ್ಟು ಕಚೇರಿಗೆ ಕಳಿಸಿದ. ವರ್ಷದೊಳಗೆ ಅಲ್ಲಿ ಬಾವಿ ಬಂತು, ಆಮೇಲೆ ಸಾಲಿಯೂ ಬಂತು. ಅಣ್ಣ ಕಡೆತನಕ ಕುರಿ ಕಾಯ್ದ.

ಅವನು ತೀರಿಕೊಂಡ ಮೇಲೆ, ಮೊನ್ನೆ, ನಾನು ಮೊದಲ ಸಲ ಆ ಹಳ್ಳ ದಾಟಿದೆ, ಹೆಜ್ಜೆ ಎಣಿಸುತ್ತ. ಈಗ ಅಲ್ಲಿ ಇಪ್ಪತ್ತು ಮನೆ. ಮುದುಕಿಯ ಮೊಮ್ಮಗನಿಗೆ, "ತಪ್ಪು ನಮ್ಮಣ್ಣಂದಲ್ಲಪಾ, ನಂದು" ಅಂದೆ. ಅವನು ಚರಿಗಿ ತುಂಬ ನೀರು ತಂದ.

"ಮೊದಲ ಕುಡೀರಿ ಕಾಕಾ. ಕಚೇರ್ಯಾಗ ನಿಮ್ಮ ಮಾರಿ ನೋಡಿದಾಗನ ನಮ್ಮಾಯಿಗೆ ಗೊತ್ತಾಗಿತ್ತು. ನೀವು ಬರತೀರಂತ ಕಾಯ್ತಿದ್ಲು."

ಕುಡಿದೆ. ಇನ್ನೂ ಹತ್ತೊಂಬತ್ತು ಮನೆಗಳಿದ್ದವು.