ಭೋಜಣ್ಣನ ಇಪ್ಪತ್ತೊಂದು

ಮುಂದೇನಾಗುವುದೆಂದು ತಿಳಿಯುವ ಹಂಬಲ ಮನುಷ್ಯಕುಲಕ್ಕೆ ಅನಾದಿಯಿಂದ ಅಂಟಿಕೊಂಡು ಬಂದಿದೆ. ಊಟಿಯ ನಮ್ಮ ಸಾಫ್ಟ್‌ವೇರ್ ಆಫೀಸಿನಲ್ಲಿ ಅದು ಎರಡು ವಾರಕ್ಕೊಮ್ಮೆ, ಸೋಮವಾರ ಹತ್ತೂವರೆಗೆ, ಟೀ ಬರುವುದರೊಳಗೆ ಈಡೇರುತ್ತಿತ್ತು.

ವಿಧಿ ಹೀಗೆ. ಮ್ಯಾನೇಜರ್ ಒಂದು ಕೆಲಸವನ್ನು ಓದುತ್ತಾರೆ. ಅದು ಎಷ್ಟು ದೊಡ್ಡದೆಂದು ಐದೂ ಜನ ಕಾರ್ಡು ಆರಿಸಿ ಒಟ್ಟಿಗೆ ಎತ್ತಬೇಕು: ಒಂದು, ಎರಡು, ಮೂರು, ಐದು, ಎಂಟು, ಹದಿಮೂರು, ಇಪ್ಪತ್ತೊಂದು. ಈ ಅಂಕಿಗಳು ದಿನಗಳಲ್ಲ ಎಂದು ತರಬೇತಿ ಕೊಟ್ಟವರು ಸಾರಿ ಹೇಳಿದ್ದರು. ಅವರು ಕೊಯಮತ್ತೂರಿನ ಬಸ್ಸು ಹತ್ತಿದ ಮಧ್ಯಾಹ್ನವೇ ಅವು ದಿನಗಳಾದವು. ಗುಂಪಿಗಿಂತ ಬೇರೆ ಅಂಕಿ ಎತ್ತಿದವನು ಎದ್ದು ನಿಂತು ಕಾರಣ ಕೊಡಬೇಕು. ಹಾಗಾಗಿ ನಾವೆಲ್ಲ ಮ್ಯಾನೇಜರ ಮುಖ ನೋಡಿ ಎತ್ತುವುದನ್ನು ಕಲಿತಿದ್ದೆವು.

ಭೋಜಣ್ಣ ಕಲಿಯಲಿಲ್ಲ. ನೀಲಗಿರಿಯ ಸೋಲೂರಿನ ಬಡಗ ಸಮುದಾಯದವರು, ನಮ್ಮೆಲ್ಲರಿಗಿಂತ ಹಿರಿಯರು, ಏಪ್ರಿಲ್‌ನಲ್ಲೂ ಮಫ್ಲರ್ ಬಿಚ್ಚದವರು. ಯಾರು ಏನು ಅಂದಾಜು ಹೇಳಿದರೂ ಅವರ ಪ್ರಶ್ನೆ ಒಂದೇ: "ನೋಡಿ ಹೇಳಿದ್ದಾ, ನೋಡದೆ ಹೇಳಿದ್ದಾ?" ಹೋಟೆಲಿನವನು ದೋಸೆಗೆ ಐದು ನಿಮಿಷ ಎಂದರೂ ಅಡಿಗೆಮನೆಗೆ ಇಣುಕಿ ಬರುತ್ತಿದ್ದರು. ಒಮ್ಮೆ ಒಂದು ಬಟನ್ನಿನ ಬಣ್ಣ ಬದಲಿಸಲು ನಾವೆಲ್ಲ ಒಂದು ಎತ್ತಿದರೆ ಇವರು ಎಂಟು. ಮ್ಯಾನೇಜರ್ ನಕ್ಕರು. "ಬಟನ್ ಒಂದೇ ಸಾರ್. ಕೂತಿರೋದು ನಲವತ್ತು ಕಡೆ," ಎಂದರು ಭೋಜಣ್ಣ. ಎಂಟು ದಿನವೇ ಹಿಡಿಯಿತು. ಅದಕ್ಕಾಗಿ ಅವರನ್ನು ಯಾರೂ ಕ್ಷಮಿಸಲಿಲ್ಲ.

ಆಮೇಲೆ ಮಸಿನಗುಡಿಯ ರೆಸಾರ್ಟೊಂದರ ಹಳೆಯ ಬುಕ್ಕಿಂಗ್‌ಗಳನ್ನು ಹೊಸ ವ್ಯವಸ್ಥೆಗೆ ಸಾಗಿಸುವ ಕೆಲಸ ಬಂತು. ಹಳೆಯದನ್ನು ಬಲ್ಲವರು ಭೋಜಣ್ಣ ಒಬ್ಬರೇ. ಶುಕ್ರವಾರ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಿಚ್ಚಿ ತೋರಿಸಿದರು: ಒಂದೇ ಕೋಣೆಗೆ ಮೂರು ಹೆಸರು, ಫೆಬ್ರವರಿ ಮೂವತ್ತಕ್ಕೆ ಹನಿಮೂನ್ ಜೋಡಿ. ಇಪ್ಪತ್ತೊಂದು ಎಂದು ಇಬ್ಬರಿಗೂ ಖಾತ್ರಿಯಾಯಿತು.

"ಕೆಲಸ ಹಿಡಿದ ಹದಿನಾಲ್ಕನೇ ದಿನ ಕೀಳ್ ಕೋತಗಿರಿಯಲ್ಲಿ ಮಗಳ ನಿಶ್ಚಿತಾರ್ಥ, ತಂಬಿ. ಇದ್ದದ್ದು ಹೇಳಿದರೆ ನಡುವೆ ರಜೆ ಸಿಗುತ್ತೆ. ಕಡಿಮೆ ಹೇಳಿದರೆ, ತಡವಾದವನಿಗೆ ರಜೆ ಎಲ್ಲಿ?"

ಸೋಮವಾರ ಮ್ಯಾನೇಜರ್ ಪೀಠಿಕೆ ಹಾಕಿದರು: "ಗಿರಾಕಿಗೆ ಎಂಟು ಅಂತ ಆಗಲೇ ಹೇಳಿಬಿಟ್ಟಿದ್ದೇನೆ. ನೀವು ಸ್ವತಂತ್ರವಾಗಿ ಯೋಚಿಸಿ."

ನಾಲ್ಕು ಕಾರ್ಡು ಎಂಟು, ಒಂದು ಇಪ್ಪತ್ತೊಂದು.

"ಏನು ಭೋಜನ್, ಇವರೆಲ್ಲ ದಡ್ಡರಾ?"

ಭೋಜಣ್ಣ ನನ್ನ ಕಡೆ ತಿರುಗಿದರು. "ತಂಬಿ, ನೀನು ನೋಡಿ ಹೇಳಿದ್ದಾ, ನೋಡದೆ ಹೇಳಿದ್ದಾ?"

ಬಾಗಿಲು ಮುಚ್ಚಿತ್ತು. ನನ್ನ ಕೆಲಸ ಕಾಯಂ ಮಾಡುವ ಕಾಗದ ಸಹಿಯಿಲ್ಲದೆ ಮ್ಯಾನೇಜರ ಮೇಜಿನ ಮೇಲಿತ್ತು.

"ನೋಡಿಯೇ ಅಣ್ಣ," ಎಂದೆ. "ಎಂಟಾಗುತ್ತೆ."

ಅವರು ಇಪ್ಪತ್ತೊಂದನ್ನು ಮೆಲ್ಲಗೆ ಮಗುಚಿಟ್ಟು ಎಂಟನ್ನು ಎತ್ತಿದರು. "ಒಮ್ಮತ!" ಎಂದರು ಮ್ಯಾನೇಜರ್. ಚಪ್ಪಾಳೆ ತಟ್ಟಿದೆವು. ಟೀ ಬಂತು.

ಒಂಬತ್ತನೇ ದಿನದಿಂದ ಭೋಜಣ್ಣ ತಡವಾದವರು. ಹದಿನಾಲ್ಕನೇ ದಿನ ಹೊಸ ಅಂಗಿ ತೊಟ್ಟು, ಬ್ಯಾಗು ಹಿಡಿದೇ ಆಫೀಸಿಗೆ ಬಂದರು. "ಇನ್ನೊಂದು ಗಂಟೆಯ ಕೆಲಸ, ಮುಗಿಸಿ ಹೊರಡಿ," ಎಂದರು ಮ್ಯಾನೇಜರ್. ನೋಡಿ ಹೇಳಿದ್ದಾ ಎಂದು ಭೋಜಣ್ಣ ಕೇಳದೆ ಬಿಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ. ಹನ್ನೊಂದಕ್ಕೆ ಮಗಳು ಫೋನ್ ಮಾಡಿದಳು.

"ಅಪ್ಪಾ, ಎಲ್ಲರೂ ಬಂದಾಯ್ತು. ಇನ್ನೆಷ್ಟು ಹೊತ್ತು?"

"ಒಂದು ಗಂಟೆ, ಅಮ್ಮಾ," ಎಂದರು ಭೋಜಣ್ಣ. ನೋಡದೆ ಹೇಳಿದರು. ಅವರಿಲ್ಲದೆಯೇ ನಿಶ್ಚಿತಾರ್ಥ ನಡೆಯಿತು.

ಕೆಲಸ ಮುಗಿದ ಸಂಜೆ ಮಫ್ಲರ್ ಸುತ್ತಿಕೊಂಡು ಸೋಲೂರಿನ ಬಸ್ಸು ಹತ್ತಿದವರು ಮತ್ತೆ ಬರಲಿಲ್ಲ. ನನ್ನ ಕಾಗದಕ್ಕೆ ಸಹಿ ಬಿತ್ತು. ಈಗಲೂ ಅದೇ ಮೇಜಿನ ಸುತ್ತ ಕೂತು ಕಾರ್ಡು ಎತ್ತುತ್ತೇನೆ. ಆ ಕೆಲಸಕ್ಕೆ ಇಪ್ಪತ್ತೊಂದು ದಿನ ಹಿಡಿಯಿತು.