ಕೊಸರಿನ ಎರಡು ತೆನೆ

ಅಗಸೆ ಎಣ್ಣೆಯ ವಾಸನೆ. ಹಳೆಯದಾಗಿ, ಧೂಳು ಕೂಡಿಕೊಂಡು, ಸ್ವಲ್ಪ ಕಮಟು ಹಿಡಿದಿತ್ತು. ಕಳೆದ ತಿಂಗಳು ಮೂಡಲಗಿಯ ಕಚೇರಿಯಲ್ಲಿ ಪ್ಲಗ್‌ಬೋರ್ಡ್ ಹುಡುಕುತ್ತ ಒಂದು ತುಕ್ಕು ಹಿಡಿದ ಕಪಾಟು ತೆಗೆದೆ. ಮೂಡಲಗಿ ಹೊಸ ತಾಲ್ಲೂಕಾದಾಗ ಗೋಕಾಕದಿಂದ ಹೊತ್ತು ತಂದು ಹಾಕಿದ್ದ ಕಪಾಟು ಅದು. ಒಳಗಿದ್ದ ಗೋಣಿಚೀಲದ ಬಾಯಿ ಬಿಚ್ಚಿದೊಡನೆ ಆ ವಾಸನೆ ಮುಖಕ್ಕೆ ಬಡಿಯಿತು. ಚೀಲದಲ್ಲಿ ಒಂದು ಸುರುಳಿ ಹಗ್ಗ, ನಾಲ್ಕು ಗೂಟ, ಅಡಿಯಲ್ಲಿ ಒಂದು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಕಾಗದ ಇದ್ದವು. ಹಗ್ಗ ಯಾರದೆಂದು ಕೇಳಬೇಕಾಗಿರಲಿಲ್ಲ. ಹಗ್ಗಕ್ಕೆ ಅಗಸೆ ಎಣ್ಣೆ ಕುಡಿಸುವ ಮನುಷ್ಯ ಈ ಮೂರು ತಾಲ್ಲೂಕಿನಲ್ಲಿ ಒಬ್ಬರೇ ಇದ್ದರು.

ಹೊರಗೆ ನನ್ನ ತರಬೇತಿ ಅರ್ಧಕ್ಕೆ ನಿಂತಿತ್ತು. ಗೋಕಾಕ, ಹುಕ್ಕೇರಿ, ಮೂಡಲಗಿಯಿಂದ ಬಂದ ಸಿಬ್ಬಂದಿಗೆ ಬೆಳೆ ಕಟಾವು ಪ್ರಯೋಗದ ಹೊಸ ಆ್ಯಪ್ ಕಲಿಸಬೇಕಿತ್ತು. ಯಾವ ಹೊಲದಲ್ಲಿ ನಿಂತಿದ್ದೀರಿ ಎಂದು ಆ್ಯಪ್ ತಾನೇ ಕಂಡುಹಿಡಿಯುತ್ತದೆ, ಫೋಟೋ ಕೇಳುತ್ತದೆ, ತೂಕ ಕೇಳುತ್ತದೆ. ಬೆಳಗಿನಿಂದ ಮೂರು ಸಲ ಅದು ನಮ್ಮ ಕಚೇರಿಯನ್ನು ಘಟಪ್ರಭೆಯ ನಡುನೀರಿನಲ್ಲಿ ತೋರಿಸಿತ್ತು. ಅದನ್ನು ಸರಿಪಡಿಸಲು ಮೇಲಿನವರಿಗೆ ಫೋನ್ ಮಾಡಿದರೆ, ಆ್ಯಪ್ ತಪ್ಪುವುದಿಲ್ಲ, ನೀವೇ ತಪ್ಪು ಕಡೆ ನಿಂತಿರಬೇಕು ಎಂದರು. ತಲೆ ಚಿಟ್ಟು ಹಿಡಿದು ಹೋಗಿತ್ತು.

ಹಗ್ಗಕ್ಕೆ ಎಣ್ಣೆ ಕುಡಿಸುವ ಆ ಹಿರಿಯರನ್ನು ಕಚೇರಿಯಲ್ಲಿ ಎಲ್ಲರೂ ಹಗ್ಗದ ಕಾಕಾ ಎನ್ನುತ್ತಿದ್ದರು, ಅರ್ಧ ಸಲಿಗೆಯಿಂದ, ಅರ್ಧ ಗೇಲಿಯಿಂದ. ನಾನು ಹೊಸದಾಗಿ ನೌಕರಿಗೆ ಸೇರಿ ಗೋಕಾಕಕ್ಕೆ ಬಂದಾಗ ನನ್ನನ್ನು ಅವರ ಕೈಕೆಳಗೆ ಹಾಕಿದರು. ಅವರು ಸೂಪರ್‌ವೈಸರ್. ಹುಕ್ಕೇರಿಯಿಂದ ದಿನಾ ಮೊದಲ ಬಸ್ಸಿಗೆ ಬರುವವರು. ಜೈನರ ಮನೆತನ, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಆದ್ದರಿಂದ ನಮ್ಮ ಕೆಲಸವೆಲ್ಲ ಕೋಳಿ ಕೂಗುವ ಹೊತ್ತಿಗೇ ಶುರು. ನನಗೋ ಬೆಳಗಿನ ನಿದ್ದೆ ಎಂದರೆ ಪ್ರಾಣ. ಮೊದಲ ವಾರದಲ್ಲೇ ಅವರ ಮೇಲೆ ಸಿಟ್ಟು ಬಂದಿತ್ತು.

ಕೆಲಸ ಹೇಳುವುದಕ್ಕೆ ಸುಲಭ. ಊರಿಗೆ ನಾಲ್ಕು ಹೊಲ ಚೀಟಿಯಲ್ಲಿ ಬರುತ್ತವೆ. ಆ ಹೊಲದಲ್ಲಿ ಎಲ್ಲಿ ನಿಲ್ಲಬೇಕು ಎಂಬುದನ್ನೂ ಚೀಟಿಯೇ ಹೇಳುತ್ತದೆ, ಮೂಲೆಯಿಂದ ಇಷ್ಟು ಹೆಜ್ಜೆ ಉದ್ದ, ಇಷ್ಟು ಹೆಜ್ಜೆ ಅಡ್ಡ ಎಂದು. ಅಲ್ಲಿ ಐದು ಮೀಟರ್ ಉದ್ದ, ಐದು ಮೀಟರ್ ಅಗಲ ಹಗ್ಗ ಕಟ್ಟಿ, ಒಳಗಿನ ಬೆಳೆ ಕೊಯ್ದು ತೂಗಬೇಕು. ಕಾಳು ಒಣಗಿದ ಮೇಲೆ ಮತ್ತೆ ಹೋಗಿ ಮತ್ತೆ ತೂಗಬೇಕು. ನಾಲ್ಕೂ ಹೊಲದ ಸರಾಸರಿ ಒಂದು ಗೆರೆಗಿಂತ ಕೆಳಗೆ ಬಂದರೆ ಊರಿಗೆಲ್ಲ ಬೆಳೆವಿಮೆ, ಮೇಲಿದ್ದರೆ ಯಾರಿಗೂ ಇಲ್ಲ. ಅಷ್ಟೇ.

ಆದರೆ ಅಷ್ಟನ್ನು ಮಾಡುವವರು ಯಾರು? ನಮ್ಮಲ್ಲಿ ಬಹಳ ಮಂದಿ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕೂತು, ಹೋದ ವರ್ಷದ ಅಂಕಿಗೆ ಆಚೀಚೆ ಒಂದಿಷ್ಟು ಸೇರಿಸಿ, ಕಳೆದು, ಫಾರಂ ತುಂಬುತ್ತಿದ್ದರು. ಹೊಲದ ಬದುವನ್ನೂ ತುಳಿಯದೆ ಬೆಳೆ ಕೊಯ್ದು ಒಣಗಿಸಿ ತೂಗಿಬಿಡುತ್ತಿದ್ದರು. ಕಾಕಾ ಅದಕ್ಕೆ ಮೇಜಿನ ಮೇಲಿನ ಕಟಾವು ಎನ್ನುತ್ತಿದ್ದರು. ಆ ಮಾತು ಹೇಳುವಾಗ ಅವರ ಮುಖ ಬೇವಿನೆಲೆ ಅಗಿದ ಹಾಗೆ ಆಗುತ್ತಿತ್ತು. ನನಗೆ ಮಾತ್ರ ಆ ಹೋಟೆಲಿನ ಫ್ಯಾನಿನ ಕೆಳಗೆ ಕೂತವರನ್ನು ಕಂಡು ಹೊಟ್ಟೆಕಿಚ್ಚು... ಸುಳ್ಳು ಯಾಕೆ ಹೇಳಲಿ.

ಕಾಕಾ ಪ್ರತಿದಿನ ಹಗ್ಗವನ್ನು ಸ್ಟೀಲ್ ಟೇಪಿಗೆ ಹಿಡಿದು ಅಳೆದೇ ಹೊರಡುವುದು. ಇಬ್ಬನಿಗೆ ಹಗ್ಗ ಕುಗ್ಗುತ್ತದೆ, ಜಗ್ಗಿದರೆ ಹಿಗ್ಗುತ್ತದೆ, ಅದಕ್ಕೇ ಅಗಸೆ ಎಣ್ಣೆ. ಹೊಲಕ್ಕೆ ಹೋದರೆ ರೈತರು ಬೆಳೆ ಚೆನ್ನಾಗಿರುವ ಕಡೆ ಕೈಹಿಡಿದು ಎಳೆಯುತ್ತಿದ್ದರು, ಮನೆಗೆ ಬಂದವರಿಗೆ ಒಳ್ಳೆಯ ಚಾಪೆ ಹಾಸುವ ಹಾಗೆ. ವಿಮೆಯ ರುಚಿ ಗೊತ್ತಿದ್ದವರು ಬೆಳೆ ಸತ್ತಿರುವ ಕಡೆ ಎಳೆಯುತ್ತಿದ್ದರು. ಕಾಕಾ ಇಬ್ಬರಿಗೂ ಜಗ್ಗುವವರಲ್ಲ. ಚೀಟಿಯಲ್ಲಿ ಬಂದ ಹೆಜ್ಜೆಗಳನ್ನು ಮರಾಠಿಯಲ್ಲಿ ಎಣಿಸುತ್ತ, ಅಕರಾ, ಬಾರಾ, ತೇರಾ ಎಂದು, ಮುಳ್ಳುಕಂಟಿ ಬಂದರೆ ಅದರೊಳಗೂ ನಡೆಯುವವರು. ಹಿಂದೆ ನಾನು. ನನ್ನ ಎರಡು ಸೀರೆ ಹರಿದವು ಆ ಹಂಗಾಮಿನಲ್ಲಿ.

ಒಮ್ಮೆ ಕೇಳಿಯೇ ಬಿಟ್ಟೆ, ಇಷ್ಟೊಂದು ಹಟ ಯಾಕೆ, ಒಂದು ಹಿಡಿ ಆಚೀಚೆಯಾದರೆ ಯಾವ ಆಕಾಶ ಕಳಚಿ ಬೀಳುತ್ತದೆ ಎಂದು. ಅವರು ಗೂಟ ಬಡಿಯುವುದನ್ನು ನಿಲ್ಲಿಸಲೂ ಇಲ್ಲ.

“ಈ ಚೌಕದಂಥಾವು ನಾನೂರು ಕೂಡಿದ್ರ ಒಂದು ಹೆಕ್ಟೇರು, ತಂಗಿ. ಇಲ್ಲಿ ಒಂದ ಹಿಡಿ ತಪ್ಪಿದ್ರ ಅಲ್ಲಿ ನಾನೂರ ಹಿಡಿ ತಪ್ಪತೈತಿ.”

ಆ ವರ್ಷ ಗೋವಿನಜೋಳಕ್ಕೆ ಹುಳು ಬಿದ್ದಿತ್ತು. ಮೂಡಲಗಿ ಕಡೆಯ ಒಂದು ಹಳ್ಳಿಯಲ್ಲಿ ಮೂರು ಹೊಲ ಮುಗಿಸಿದ್ದೆವು, ನಾಲ್ಕನೆಯದು ಉಳಿದಿತ್ತು. ಒಬ್ಬ ನಡುವಯಸ್ಸಿನ ಹೆಣ್ಣುಮಗಳು ಆ ಹೊಲದ ಯಜಮಾನಿ, ಗಂಡ ಕಬ್ಬಿನ ಗಾಡಿಯ ಹಿಂದೆ ಹೋಗಿದ್ದ. ಹುಳುವಿನ ಹಾವಳಿ ಎಷ್ಟೆಂದು ತಿಳಿಯಲು ಕೊಯ್ಯುವ ಮುಂಚೆ ತೆನೆ ಎಣಿಸಬೇಕು ಎಂದು ಕಾಕಾ ಹೊಸ ಖಯಾಲಿ ತೆಗೆದರು. ಫಾರಮ್ಮಿನಲ್ಲಿ ಅದಕ್ಕೆ ಜಾಗವೂ ಇರಲಿಲ್ಲ. ಎಣಿಸುವವಳು ನಾನು. ಎಲೆಯ ಅಂಚು ಕೈ ಕೊಯ್ಯುತ್ತಿತ್ತು, ಕುತ್ತಿಗೆಯೆಲ್ಲ ತುರಿಕೆ. ನೂರಾ ನಲವತ್ತು ತೆನೆ ಎಂದು ಬರೆದುಕೊಂಡೆ.

ಯಜಮಾನಿ ಮತ್ತು ಇಬ್ಬರು ಆಳುಗಳು ಕೊಯ್ದು ಚೀಲ ತುಂಬಿದರು. ತೂಗಿಯಾದ ಮೇಲೆ ಕಾಕಾ ತೆನೆಗಳನ್ನು ಸುರಿದು ತಾವೇ ಎಣಿಸಿದರು. ನೂರಾ ನಲವತ್ತೆರಡು. ನನ್ನ ಕಡೆ ನೋಡಿದರು. ಮತ್ತೆ ಎಣಿಸು ಎಂದರು. ಎಣಿಸಿದೆ, ನೂರಾ ನಲವತ್ತೆರಡೇ. ಹಗ್ಗದೊಳಗಿನ ಬರಿ ದಂಟುಗಳ ಮೇಲೆ ತೆನೆ ಮುರಿದ ಗುರುತು ಎಣಿಸು ಎಂದರು. ನೆತ್ತಿಯ ಮೇಲೆ ಬಿಸಿಲು, ಹೊಟ್ಟೆಯಲ್ಲಿ ಹಸಿವು. ಎಣಿಸಿದೆ. ನೂರಾ ನಲವತ್ತು. ಎರಡು ತೆನೆಗಾಗಿ ಈ ಮನುಷ್ಯ ನನ್ನನ್ನು ಇವತ್ತು ಕೊಲ್ಲುತ್ತಾರೆ ಎಂದುಕೊಂಡು ನಾನು ಬದುವಿನ ಮೇಲೆ ಕುಕ್ಕರಿಸಿಬಿಟ್ಟೆ.

ನನ್ನ ಮುಖ ನೋಡಿ ಆ ಹೆಣ್ಣುಮಗಳಿಗೆ ಕನಿಕರ ಬಂತು.

“ಆ ಬಾಯಾರ್ನ ಯಾಕ ಬೈತೀರಿ? ಅವೆರಡು ಕೊಸರ್ರಿ. ನಾನ ಉಡಿಯಾಗಿಂದ ಹಾಕೇನಿ. ಅಳದ ಕೊಡೂ ಮಾಲಿಗೆ ಕೊಸರ ಹಾಕದ ಹೆಂಗ ಕೊಡೂದು?”

ಕೊಸರು ಹಾಕುವುದು ಈ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಕಾಳು ಅಳೆದುಕೊಟ್ಟ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕದಿದ್ದರೆ ಕೊಟ್ಟವರ ಮರ್ಯಾದೆ ಉಳಿಯುವುದಿಲ್ಲ. ಆದರೆ ಅದು ನಮ್ಮ ಚೀಲಕ್ಕೂ ಬೀಳುತ್ತಿರಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ. ಕಾಕಾ ತಣ್ಣಗೆ, ಯಾವಾಗಿನಿಂದ ಹೀಗೆ ಹಾಕುತ್ತಿದ್ದೀರಿ ಎಂದು ಕೇಳಿದರು.

“ನೀವು ಈ ಊರಿಗೆ ಬರಾಕತ್ತಾಗಿಂದ. ಎಲ್ಲಾರೂ ಹಾಕ್ತೀವಿ. ಬ್ಯಾರೇದವ್ರು ಎಲ್ಲಿ ಹೊಲಕ್ಕ ಬರ್ತಾರ್ರಿ? ಬಂದ್ರೂ ಅವರಿಗೆ ಒಂದ. ನೀವು ಖರೆ ಮನಷ್ಯಾರು, ಅದಕ್ಕ ನಿಮಗ ಎರಡು.”

ಕಾಕಾ ಗೂಟದ ಪಕ್ಕ ನೆಲದ ಮೇಲೆ ಕೂತರು. ಕೈಯಲ್ಲಿ ಆ ಹಗ್ಗದ ತುದಿ ಹಾಗೇ ಇತ್ತು. ಒಂದು ಬೆರಳು ಹಿಗ್ಗಬಾರದು ಎಂದು ವರ್ಷಗಟ್ಟಲೆ ಎಣ್ಣೆ ಕುಡಿಸಿದ ಹಗ್ಗ. ಅವರ ಬೆನ್ನ ಹಿಂದೆ, ಅವರ ಮೇಲಿನ ಗೌರವಕ್ಕೆ, ಅಷ್ಟೂ ವರ್ಷ ಎರಡೆರಡು ತೆನೆ ಬಿದ್ದಿದ್ದವು. ಎರಡು ತೆನೆ ಎಂದರೆ ಹೆಕ್ಟೇರಿಗೆ ಎಂಟು ನೂರು ತೆನೆ. ಹೋಟೆಲಿನಲ್ಲಿ ಕೂತವರ ಸುಳ್ಳು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋಗುತ್ತಿತ್ತು. ಇವರದು ಮಾತ್ರ ತಪ್ಪದೆ ಮೇಲೇ ಹೋಗಿತ್ತು. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಅವರು ಆ ಹೆಣ್ಣುಮಗಳನ್ನು ಬೈಯಲಿಲ್ಲ. ಎರಡು ತೆನೆ ಬೇರೆ ಮಾಡಿ, ಬೇರೆ ತೂಗಿ, ಉಳಿದದ್ದನ್ನಷ್ಟೇ ಫಾರಮ್ಮಿಗೆ ಬರೆದರು. ಕೊಸರನ್ನು ಬೇಡ ಎನ್ನದೆ ತಮ್ಮ ಟವೆಲ್ಲಿನಲ್ಲಿ ಕಟ್ಟಿಕೊಂಡರು. ಮುಂದಿನ ಭಾನುವಾರ, ರಜೆಯ ದಿನ, ಒಬ್ಬರೇ ಮತ್ತೆ ಆ ಊರಿಗೆ ಹೋಗಿ ಉಳಿದ ಮೂರೂ ಹೊಲದವರನ್ನು ಕೇಳಿ ಬಂದರು. ಮೂರೂ ಕಡೆ ಎರಡೆರಡು. ಆ ಮೂರರ ಅಂಕಿ ಆಗಲೇ ಮೇಲಿನ ಕಚೇರಿಗೆ ಹೋಗಿತ್ತು. ಹಾಗೇ ಬಿಟ್ಟರೆ ಊರಿನ ಸರಾಸರಿ ಗೆರೆಗಿಂತ ಕೂದಲೆಳೆಯಷ್ಟು ಮೇಲೆ, ಕೊಸರು ಕಳೆದರೆ ಕೆಳಗೆ. ಹುಳು ತಿಂದ ಊರಿಗೆ ವಿಮೆ ಬರುವುದೂ ಬಿಡುವುದೂ ಆರು ತೆನೆಗಳ ಮೇಲೆ ನಿಂತಿತ್ತು.

ಕಾಕಾ ಮೇಲಧಿಕಾರಿಗೆ ಪತ್ರ ಬರೆದರು. ಈ ಮೂರು ತೂಕಗಳಲ್ಲಿ ಕೊಸರು ಸೇರಿದೆ, ಕಳೆಯಬೇಕು, ನನ್ನ ಹಿಂದಿನ ವರ್ಷಗಳ ಅಂಕಿಗಳನ್ನೂ ನಂಬಬೇಡಿ ಎಂದು. ಕೆಳಗೆ ಎರಡು ಸಹಿಗೆ ಜಾಗ. ಒಂದು ಅವರದು. ಇನ್ನೊಂದು, ತೆನೆ ಎಣಿಸಿ ಕಣ್ಣಾರೆ ಕಂಡವಳದು, ಅಂದರೆ ನನ್ನದು.

ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಕಚೇರಿಯಲ್ಲಿ ಒಬ್ಬೊಬ್ಬರೇ ಬಂದು ಕಿವಿ ಊದಿದರು. ಮುದುಕರಿಗೆ ನಿವೃತ್ತಿ ಹತ್ತಿರ ಬಂದಿದೆ, ಹೋಗುತ್ತ ನಿನ್ನನ್ನೂ ಹಳ್ಳಕ್ಕೆ ಹಾಕುತ್ತಾರೆ, ಹಳೇ ಫೈಲು ಬಿಚ್ಚಿದರೆ ಎಲ್ಲರ ಹೋಟೆಲೂ ಹೊರಬರುತ್ತದೆ ಎಂದರು. ನಾನು ಕಾಕಾಗೆ ಸಹಿ ನಾಳೆ ಹಾಕುತ್ತೇನೆ ಎಂದೆ. ಮರುದಿನವೂ ನಾಳೆ ಎಂದೆ. ಎಂಟು ದಿನ ಹೀಗೇ ಹೇಳಿದೆ. ಒಂಬತ್ತನೆಯ ದಿನ ಅವರು ಕೇಳಲಿಲ್ಲ. ಒಂದೇ ಸಹಿಯ ಪತ್ರ ಕಳಿಸಿ, ಮೂಡಲಗಿಯ ಬಸ್ಸಿಗೆ ಎಂದಿನಂತೆ ನನಗೂ ಟಿಕೆಟ್ ತೆಗೆದರು. ನನಗೆ ಅವರ ಮೇಲೆಯೇ ಸಿಟ್ಟು ಬಂತು. ಒಂದು ಮಾತು ಬೈದಿದ್ದರೆ ಆಗುತ್ತಿತ್ತು.

ಉತ್ತರ ಬಂತು. ನಮೂನೆಯಲ್ಲಿ ಕೊಸರು ಎಂಬ ಕಾಲಂ ಇಲ್ಲದ್ದರಿಂದಲೂ, ಸಾಕ್ಷಿ ಇಲ್ಲದ್ದರಿಂದಲೂ ಪರಿಶೀಲಿಸಲು ಬರುವುದಿಲ್ಲ ಎಂದಿತ್ತು. ಊರಿಗೆ ವಿಮೆ ಬರಲಿಲ್ಲ. ಕಾಕಾ ಕೆಲವೇ ತಿಂಗಳಲ್ಲಿ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಕರದಂಟು ಹಂಚಿದರು, ಯಾರೋ ಹಗ್ಗದ ಬಗ್ಗೆ ತಮಾಷೆ ಮಾಡಿದರು, ಎಲ್ಲರೂ ನಕ್ಕರು. ನಾನೂ ನಕ್ಕೆ.

ಮರುವರ್ಷ ಅದೇ ಊರಿಗೆ, ಅದೇ ಹೊಲದ ಬಾಜೂ ಹೊಲಕ್ಕೆ ನಾನೊಬ್ಬಳೇ ಹೋದೆ. ಕೊಯ್ಯುವ ಮುಂಚೆ ತೆನೆ ಎಣಿಸಿದೆ, ಚೀಲ ತುಂಬಿದ ಮೇಲೂ ಎಣಿಸಿದೆ. ಲೆಕ್ಕ ಸರಿಹೋಯಿತು. ಒಂದು ತೆನೆಯೂ ಹೆಚ್ಚಿಗೆ ಬಿದ್ದಿರಲಿಲ್ಲ. ಕಾಕಾ ಹೋಗಿ ಹೇಳಿ ಬಂದಿದ್ದಕ್ಕೋ, ಅಥವಾ ನನ್ನ ಯೋಗ್ಯತೆಗೆ ಅಷ್ಟೇ ಸಾಕು ಎಂದೋ... ಕೇಳುವ ಧೈರ್ಯ ನನಗೆ ಇರಲಿಲ್ಲ.

ಅವರು ತೀರಿಕೊಂಡ ಸುದ್ದಿಯನ್ನು ಹುಕ್ಕೇರಿಯ ಸಹೋದ್ಯೋಗಿಯೊಬ್ಬರು ಬೇರೆ ಯಾವುದೋ ಮಾತಿನ ನಡುವೆ ಹೇಳಿದರು, ಆಗಲೇ ತಿಂಗಳಾಗಿತ್ತು. ನಾನು ಅವರ ಮನೆಗೆ ಹೋಗಲಿಲ್ಲ. ಹೋಗಿ ಏನು ಹೇಳುವುದಿತ್ತು?

ಕಳೆದ ತಿಂಗಳು ಆ ಕಪಾಟಿನ ಮುಂದೆ ನಿಂತು ಆ ಪ್ಲಾಸ್ಟಿಕ್ ಹಾಳೆ ಬಿಚ್ಚಿದೆ. ಒಳಗಿದ್ದದ್ದು ಪತ್ರದ ಪ್ರತಿ. ಗುಂಡಗಿನ ಅಕ್ಷರ, ತಿದ್ದುಪಡಿ ಎಲ್ಲೂ ಇಲ್ಲ. ಕೆಳಗೆ ಅವರ ಸಹಿ. ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಗೆರೆ, ಗೆರೆಯ ಕೆಳಗೆ ನನ್ನ ಹುದ್ದೆ, ಗೆರೆಯ ಮೇಲೆ ಏನೂ ಇಲ್ಲ. ಪೆನ್ನು ತೆಗೆದೆ. ಈಗ ನನ್ನನ್ನು ಯಾರೂ ಏನೂ ಮಾಡುವಂತಿರಲಿಲ್ಲ, ಕಾಯಂ ಆಗಿ ಎಷ್ಟೋ ವರ್ಷ. ಒಂದು ಸಹಿ, ಅಷ್ಟೇ ತಾನೇ.

ಬಾಗಿಲಲ್ಲಿ ತರಬೇತಿಗೆ ಬಂದಿದ್ದ ಒಬ್ಬಾತ ಮೊಬೈಲ್ ಹಿಡಿದು ನಿಂತಿದ್ದ.

“ಮೇಡಂ, ಒಣಗಿದ ತೂಕಾನೂ ಇವತ್ತ ಇಲ್ಲೇ ಕುಂತ ತುಂಬಿಬಿಡ್ಲೇನ್ರಿ? ಆ್ಯಪ್ ತಗೋಳಾಕತ್ತೈತಿ.”

ಬೇಡ, ಒಣಗಿದ ಮೇಲೆ ಹೋಗಿ ತೂಗಿ ಬಾ ಎಂದೆ. ದನಿ ಬೇಕಾದದ್ದಕ್ಕಿಂತ ಗಡುಸಾಯಿತು. ಅವನು ಹೋದ ಮೇಲೆ ಮತ್ತೆ ಪತ್ರದ ಕಡೆ ನೋಡಿದೆ. ಹೊಲದಿಂದ ಬಂದಾಗಲೇ ಹಾಕಬೇಕಿದ್ದ ಸಹಿಯನ್ನು ಇಷ್ಟು ವರ್ಷದ ಮೇಲೆ ಕಚೇರಿಯ ಮೇಜಿನ ಮೇಲೆ ಹಾಕಿದರೆ ಕಾಕಾ ಅದಕ್ಕೆ ಏನೆನ್ನುತ್ತಿದ್ದರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಪೆನ್ನಿನ ಮುಚ್ಚಳ ಹಾಕಿದೆ. ಪತ್ರವನ್ನು ಹಾಗೇ ಸುತ್ತಿ ಚೀಲದೊಳಗಿಟ್ಟು, ಹಗ್ಗವನ್ನಷ್ಟೇ ಹೊರಗೆ ತಂದು ಟೇಪಿಗೆ ಹಿಡಿದು ಅಳೆದೆ. ಅದು ಒಂದು ಬೆರಳೂ ಹಿಗ್ಗಿರಲಿಲ್ಲ.